ತಾಲೀಮಿನಿಂದ ಪ್ರದರ್ಶನದವರೆಗೆ: ನಾಟಕ ಕಟ್ಟುವ ಮೂರು ಹಾಸ್ಯಚಿತ್ರಗಳು

ನಾಟಕವೊಂದು ರಂಗಕ್ಕೆ ಬರುವ ತನಕ ನಡೆಯುವ ಪರದಾಟವನ್ನೇ ಕಥೆಯಾಗಿಸಿಕೊಂಡ, ಹಳೆಯ ಕಾಲದ ಹಿನ್ನೆಲೆಯುಳ್ಳ ಹಾಸ್ಯಚಿತ್ರಗಳಲ್ಲಿ ಮೂರನ್ನು ನಮ್ಮ ಹವ್ಯಾಸಿ ತಂಡದ ಗೆಳೆಯರೊಂದಿಗೆ ಒಂದರ ಹಿಂದೊಂದರಂತೆ ನೋಡಿದೆ. ಜಾನ್ ಮ್ಯಾಡನ್ ನಿರ್ದೇಶನದ ‘ಶೇಕ್ಸ್‌ಪಿಯರ್ ಇನ್ ಲವ್’ (1998), ಮೈಕ್ ಲೀ ಅವರ ‘ಟಾಪ್ಸಿ-ಟರ್ವಿ’ (1999), ಹಾಗೂ 2019ರಲ್ಲಿ ಫ್ರಾನ್ಸಿನಲ್ಲಿ ತೆರೆಕಂಡ ಅಲೆಕ್ಸಿ ಮಿಶಾಲಿಕ್ ಅವರ ‘ಎಡ್ಮಂಡ್’ ಆ ಮೂರು ಚಿತ್ರಗಳು. ನೋಡಲು ಕೂತವರಲ್ಲಿ ಬಣ್ಣ ಹಚ್ಚಿ ರೂಢಿಯಿದ್ದವರೂ ಇದ್ದರು, ಟಿಕೆಟ್ಟು ಕೊಂಡು ನಾಟಕ ನೋಡುವುದಷ್ಟೇ ಗೊತ್ತಿದ್ದ ಅವರ ಮನೆಯವರೂ ಇದ್ದರು. ತಾಲೀಮಿನ ಬೇಸರ ಉಂಡವರು ಒಂದು ಕಡೆ, ಉಣ್ಣದವರು ಇನ್ನೊಂದು ಕಡೆ ಎಂಬಂತೆ ಅಭಿಪ್ರಾಯಗಳು ಒಡೆದವು. ನಾನು ಮೊದಲನೆಯವರ ಕಡೆಯವನಾದರೂ ಎರಡನೆಯವರ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆ.

ಎಲ್ಲರನ್ನೂ ಮೊದಲ ಹತ್ತು ನಿಮಿಷದಲ್ಲೇ ಹಿಡಿದು ಕೂರಿಸಿದ್ದು ‘ಶೇಕ್ಸ್‌ಪಿಯರ್ ಇನ್ ಲವ್’. 1593ರ ಲಂಡನ್ನಿನಲ್ಲಿ ರೋಸ್ ರಂಗಮಂದಿರದ ಒಡೆಯ ಹೆನ್ಸ್ಲೋ ಸಾಲದಲ್ಲಿ ಮುಳುಗಿದ್ದಾನೆ, ಸಾಲ ಕೊಟ್ಟ ಫೆನ್ನಿಮನ್ ಅವನ ಕಾಲನ್ನು ಬೆಂಕಿಗೆ ಹಿಡಿಸುತ್ತಿದ್ದಾನೆ, ಶೇಕ್ಸ್‌ಪಿಯರ್ ಬರೆದುಕೊಡಬೇಕಾದ ರೋಮಿಯೋ–ಜೂಲಿಯೆಟ್ ನಾಟಕದ ಒಂದು ಸಾಲೂ ಬರೆದಾಗಿಲ್ಲ. ಹೀಗಿದ್ದರೂ ಕೊನೆಗೆ ಎಲ್ಲವೂ ಸರಿಹೋಗುತ್ತದೆ, ಹೇಗೆಂದು ಮಾತ್ರ ಕೇಳಬೇಡಿ ಎಂಬ ಹೆನ್ಸ್ಲೋನ ನಂಬಿಕೆಯನ್ನು ಕೇಳಿ ನಮ್ಮಲ್ಲಿ ನಾಟಕ ಮಾಡಿಸಿದ ಅನುಭವವಿದ್ದವರೆಲ್ಲ ಒಟ್ಟಿಗೆ ನಕ್ಕರು. ಅದಕ್ಕಿಂತ ಸೊಗಸಾದ ನಗು ಫೆನ್ನಿಮನ್‌ನದು. ವಸೂಲಿಗೆ ಬಂದವನು ತಾಲೀಮು ನೋಡುತ್ತ ನೋಡುತ್ತ ಮರುಳಾಗಿ, ಔಷಧಿ ಮಾರುವವನ ಪುಟ್ಟ ಪಾತ್ರವನ್ನು ಗಿಟ್ಟಿಸಿಕೊಂಡು, ತನ್ನ ನಾಲ್ಕು ಮಾತುಗಳನ್ನು ಬೆವರುತ್ತ ಉರುಹೊಡೆಯುತ್ತಾನೆ. ಇಂಥವರೊಬ್ಬರಿಲ್ಲದ ತಂಡವನ್ನು ನಾನಂತೂ ಕಂಡಿಲ್ಲ.

ಪ್ರದರ್ಶನದ ದಿನವನ್ನು ಈ ಚಿತ್ರದಷ್ಟು ಚೆನ್ನಾಗಿ ಉಳಿದೆರಡು ತೋರಿಸುವುದಿಲ್ಲ. ಜೂಲಿಯೆಟ್ ಆಗಬೇಕಿದ್ದ ಹುಡುಗನ ಧ್ವನಿ ಆಟದ ಹೊತ್ತಿಗೆ ಒಡೆದುಹೋಗಿರುತ್ತದೆ. ತೊದಲುವ ದರ್ಜಿಯೊಬ್ಬ ಮುನ್ನುಡಿ ಹೇಳಲು ನಿಂತು, ಎಲ್ಲರ ಉಸಿರನ್ನೂ ಹಿಡಿಸಿ, ಕೊನೆಗೆ ಮಾತನ್ನು ತಡೆಯಿಲ್ಲದೆ ಹರಿಸುತ್ತಾನೆ. ಕಂಪನಿ ನಾಟಕಗಳ ಸ್ತ್ರೀಪಾರ್ಟಿನ ಗಂಡಸರನ್ನು ಕಂಡ ಹಿರಿಯರೊಬ್ಬರು ನಮ್ಮೊಂದಿಗಿದ್ದರು. ಧ್ವನಿ ಒಡೆಯುವುದು ನಗುವ ಸಂಗತಿಯಲ್ಲ, ಅದು ಒಬ್ಬನ ಅನ್ನದ ಪ್ರಶ್ನೆ ಎಂದು ಅವರು ಅಲ್ಲಿಯೇ ಆಕ್ಷೇಪಿಸಿದರು. ಚಿತ್ರ ಆ ಹುಡುಗನನ್ನು ಆಮೇಲೆ ಮರೆತೇಬಿಡುತ್ತದೆ ಎಂಬುದು ನಿಜ.

ನನ್ನ ತಕರಾರು ಇರುವುದು ಬೇರೆಡೆ. ಕವಿಗೆ ಪ್ರೇಮ ಒದಗಿತು, ಹಾಗಾಗಿ ನಾಟಕ ಒದಗಿತು ಎಂಬ ಸರಳ ಲೆಕ್ಕವನ್ನು ಈ ಚಿತ್ರ ಬಹಳ ಚೆಲುವಾಗಿ ಮಾರುತ್ತದೆ. ರೋಮಿಯೋ–ಜೂಲಿಯೆಟ್ಟರ ಕಥೆ ಆರ್ಥರ್ ಬ್ರೂಕ್ ಎಂಬಾತನ 1562ರ ದೀರ್ಘ ಕಾವ್ಯದಲ್ಲಿ ಆಗಲೇ ಇಂಗ್ಲಿಷಿನಲ್ಲಿತ್ತು. ಅದನ್ನು ಮುರಿದು ಕಟ್ಟಿದ ಕಸುಬುಗಾರಿಕೆಗೆ ಇಲ್ಲಿ ಜಾಗವಿಲ್ಲ. ಅದೇ ಕಾಲದ ನಾಟಕಕಾರ ಮಾರ್ಲೋ ಬಂದು ಕಥೆಯ ಎಳೆಗಳನ್ನು ಹೇಳಿಕೊಡುವ ದೃಶ್ಯವೊಂದೇ ಆ ದಿಕ್ಕಿನ ಸುಳಿವು. ಇನ್ನು, ಜನರಿಗೆ ನಗು ಬೇಕು, ನಾಯಿ ಬೇಕು ಎಂದು ಹಟ ಹಿಡಿಯುವ ಹೆನ್ಸ್ಲೋ ನಮ್ಮ ಕಡೆ ಹುಟ್ಟಿದ್ದರೆ ಸುಖಪಡುತ್ತಿದ್ದನೇನೋ: ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ನಾಟಕ ‘ರಾಮವರ್ಮ ಲೀಲಾವತಿ’ ಎಂದು ಕನ್ನಡಕ್ಕೆ ಬಂದಾಗ ಸತ್ತ ಪ್ರೇಮಿಗಳು ಮತ್ತೆ ಬದುಕಿದರು.

‘ಟಾಪ್ಸಿ-ಟರ್ವಿ’ಯ ವಿಷಯಕ್ಕೆ ಬಂದರೆ, ಇದು ಎರಡೂ ಮುಕ್ಕಾಲು ಗಂಟೆಯಷ್ಟು ಉದ್ದದ ಚಿತ್ರವೆಂದು ಮೊದಲೇ ಎಚ್ಚರಿಸಬೇಕು. ಅರ್ಧ ದಾರಿಯಲ್ಲಿ ಎದ್ದುಹೋದವರು ನಮ್ಮಲ್ಲಿದ್ದರು, ಅವರನ್ನು ದೂರಲಾಗದು. 1884ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಗಿಲ್ಬರ್ಟ್ ಬರೆದು ಸಲಿವನ್ ಸಂಗೀತ ಕೊಟ್ಟ ಆಟಕ್ಕೆ ಜನ ಕಡಿಮೆಯಾಗುತ್ತಾರೆ. ಅದೇ ಜಾಡಿನ ಮಾಟ–ಮಂತ್ರದ ಕಥೆ ಇನ್ನು ಸಾಕೆಂದು ಸಲಿವನ್ ಕೈಯೊದರುತ್ತಾನೆ, ಬೇರೆಯದು ಹೊಳೆಯದೆ ಗಿಲ್ಬರ್ಟ್ ಮುಖ ಊದಿಸಿ ಕೂರುತ್ತಾನೆ. ನೈಟ್ಸ್‌ಬ್ರಿಜ್‌ನ ಜಪಾನಿ ಪ್ರದರ್ಶನಕ್ಕೆ ಹೆಂಡತಿಯ ಒತ್ತಾಯದಿಂದ ಗಿಲ್ಬರ್ಟ್ ಹೋಗಿಬಂದ ಮೇಲೆ ಜಪಾನಿನ ಹಿನ್ನೆಲೆಯ ಹಾಸ್ಯ ಸಂಗೀತನಾಟಕ ‘ದಿ ಮಿಕಾಡೊ’ ಹುಟ್ಟಿಕೊಳ್ಳುತ್ತದೆ. ಅದು 1885ರ ಮಾರ್ಚ್ 14ರಂದು ರಂಗಕ್ಕೆ ಬಂದು 672 ಪ್ರದರ್ಶನಗಳನ್ನು ಕಂಡಿತು ಎಂಬುದು ಗೊತ್ತಿರುವವರಿಗೆ ಚಿತ್ರದಲ್ಲಿ ಕುತೂಹಲವೆಂಬುದೇ ಉಳಿಯಬಾರದಿತ್ತು. ಆದರೆ ಉಳಿಯುತ್ತದೆ, ಅದೂ ತಾಲೀಮಿನ ದೃಶ್ಯಗಳಲ್ಲಿ.

ಜಿಮ್ ಬ್ರಾಡ್‌ಬೆಂಟ್ ಅಭಿನಯದ ಗಿಲ್ಬರ್ಟ್ ನಟರನ್ನು ಎದುರಿಗೆ ಕೂರಿಸಿಕೊಂಡು ಒಂದೊಂದು ಮಾತಿನ ಒತ್ತನ್ನೂ ತಿದ್ದುತ್ತಾನೆ, ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ಮತ್ತೆ ಮತ್ತೆ ಹೇಳಿಸುತ್ತಾನೆ, ಮರ್ಯಾದೆಯ ಮಾತಿನಲ್ಲಿಯೇ ಚರ್ಮ ಸುಲಿಯುತ್ತಾನೆ. ತಂಡದವರಿಗೆ ಇದು ಮೈಜುಮ್ಮೆನಿಸುವ ನೋಟ. ಮನೆಯವರಿಗೆ ಒಂದೇ ಮಾತನ್ನು ಇಷ್ಟು ಸಲ ಯಾಕೆ ಕೇಳಬೇಕೆಂಬ ಸಿಟ್ಟು. ಜಪಾನಿ ಉಡುಪಿನೊಳಗೆ ಕಾರ್ಸೆಟ್ (ಸೊಂಟ ಬಿಗಿಯುವ ಒಳಉಡುಪು) ಬಿಗಿಯದೆ ರಂಗಕ್ಕೆ ಹೋಗಲಾರೆನೆಂದು ಹಟ ಹಿಡಿಯುವ ಗಾಯಕ, ಸಂಬಳದ ಮಾತಿಗೆ ಮಾಲೀಕ ಕಾರ್ಟ್‌ನ ಕೋಣೆಗೆ ಬಂದು ಪೇಚಾಡುವ ನಟರು, ಇವರೆಲ್ಲರ ಮೂಲಕ ನಾಟಕವೆಂಬುದು ದುಡಿಮೆಯಾಗಿ ಕಾಣುತ್ತದೆ. ಕೊನೆಯ ತಾಲೀಮಿನ ನಂತರ ಗಿಲ್ಬರ್ಟ್ ಮುಖ್ಯ ನಟ ಟೆಂಪಲ್‌ನ ಹಾಡನ್ನೇ ಕಿತ್ತುಹಾಕುತ್ತಾನೆ. ಟೆಂಪಲ್ ಆಗಿ ಟಿಮತಿ ಸ್ಪಾಲ್ ಆ ಆಘಾತವನ್ನು ನುಂಗುವ ರೀತಿಯನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ. ಹೆಸರೂ ಇಲ್ಲದ ಹಿಮ್ಮೇಳದವರು ಗುಂಪಾಗಿ ಬಂದು, ಅಂಜುತ್ತಲೇ, ಆ ಹಾಡು ಉಳಿಯಲಿ ಎಂದು ಬೇಡಿಕೊಳ್ಳುತ್ತಾರೆ, ಹಾಡು ಉಳಿಯುತ್ತದೆ. ಮೂರೂ ಚಿತ್ರಗಳಲ್ಲಿ ನನ್ನನ್ನು ಹೆಚ್ಚು ಕಲಕಿದ ದೃಶ್ಯ ಇದೇ.

ಈ ಚಿತ್ರದಲ್ಲಿ ನಗು ತಡವಾಗಿ ಬರುತ್ತದೆ ಎಂಬ ದೂರು ಸರಿ. ಆದರೆ ಬಂದ ನಗುವಿಗೆ ಒಂದು ಚುಚ್ಚೂ ಇದೆ. ನೈಟ್ಸ್‌ಬ್ರಿಜ್‌ನ ಆ ಪ್ರದರ್ಶನದಿಂದ ಕರೆಸಿದ ಜಪಾನಿ ಹೆಂಗಸರನ್ನು ನಿಲ್ಲಿಸಿ, ನಡೆಸಿ, ಬೀಸಣಿಗೆ ಬಿಡಿಸಿ ತೋರಿಸಿರೆಂದು ಗಿಲ್ಬರ್ಟ್ ಗೋಳು ಹೊಯ್ದುಕೊಳ್ಳುವಾಗ, ಅವರಿಗೆ ಅವನ ಭಾಷೆ ತಿಳಿಯದು, ಅವನಿಗೆ ಅವರ ದೇಶ ತಿಳಿಯದು. ಸಾಮ್ರಾಜ್ಯದ ಆ ನಿರಾಳ ಅಜ್ಞಾನವನ್ನು ಮೈಕ್ ಲೀ ಭಾಷಣವಿಲ್ಲದೆ ತೋರಿಸುತ್ತಾರೆ. ಅದು ನಮ್ಮಂಥ ಪ್ರೇಕ್ಷಕರಿಗೆ ಬೇಗ ತಟ್ಟುತ್ತದೆ.

‘ಎಡ್ಮಂಡ್’ ಕುರಿತು ಹೆಚ್ಚು ಹೇಳಬೇಕಿಲ್ಲ. 1897ರ ಪ್ಯಾರಿಸ್ಸಿನಲ್ಲಿ ಎಡ್ಮಂಡ್ ರೋಸ್ತಾನ್ ಎಂಬ ತರುಣ ಕವಿ, ಹೆಸರಾಂತ ನಟ ಕೊಕ್ಲಾನ್‌ನಿಗಾಗಿ ‘ಸಿರಾನೊ ದ ಬೆರ್ಜೆರಾಕ್’ ನಾಟಕವನ್ನು ತಾಲೀಮು ನಡೆಯುತ್ತಿರುವಾಗಲೇ ಬರೆಯುತ್ತಾನೆ. ಗೆಳೆಯನ ಪರವಾಗಿ ಅವನ ಪ್ರೇಯಸಿಗೆ ಪತ್ರ ಬರೆಯುತ್ತ ಬರೆಯುತ್ತ ನಾಟಕದ ಸರಕು ಕೂಡಿಬರುತ್ತದೆ, ಅಂದರೆ ಮ್ಯಾಡನ್ ಚಿತ್ರದ ಅಚ್ಚಿನಲ್ಲೇ ಎರಕ ಹೊಯ್ದದ್ದು. ಬಾಗಿಲು ತೆರೆಯುವುದು, ಮುಚ್ಚುವುದು, ಒಬ್ಬರು ಅಡಗುವುದು, ಇನ್ನೊಬ್ಬರು ಎಡವುವುದು ಎಲ್ಲವೂ ಚುರುಕಾಗಿದೆ, ಮನೆಯವರು ಹೊಟ್ಟೆ ಹಿಡಿದು ನಕ್ಕರು. ಹಣ ಹಾಕಿದವರ ಬಲವಂತಕ್ಕೆ ನಾಯಕಿಯ ಪಾತ್ರ ಗಿಟ್ಟಿಸಿದ ನಟಿ ರಂಗದ ಕಳ್ಳಬಾಗಿಲಿನಿಂದ ಕೆಳಗೆ ಬೀಳುವುದಂತೂ ಎಲ್ಲರಿಗೂ ಇಷ್ಟವಾಯಿತು. ಆದರೆ ಪ್ರತಿಯೊಂದು ಆಕಸ್ಮಿಕವೂ ನಾಟಕದ ಒಂದೊಂದು ದೃಶ್ಯಕ್ಕೆ ಲೆಕ್ಕವಿಟ್ಟಂತೆ ಕೂಡಿಕೊಳ್ಳುವುದನ್ನು ನೋಡಿ ಅರ್ಧಕ್ಕೇ ದಣಿವಾಗುತ್ತದೆ. ಸಾರಾ ಬರ್ನಾರ್ಡ್‌ಳಂಥ ನಟಿಗೆ ಆಗಲೇ ನಾಟಕಗಳನ್ನು ಬರೆದುಕೊಟ್ಟಿದ್ದ ಕವಿಯನ್ನು ತಬ್ಬಿಬ್ಬಾದ ಹುಡುಗನಂತೆ ಚಿತ್ರಿಸಿದ್ದೂ ನನಗೆ ಒಗ್ಗಲಿಲ್ಲ.

ಉಡುಗೆಯ ವಿಷಯದಲ್ಲಿ ನಮ್ಮ ವಸ್ತ್ರವಿನ್ಯಾಸದ ಗೆಳತಿಯ ತೀರ್ಪನ್ನು ಒಪ್ಪುತ್ತೇನೆ. ‘ಶೇಕ್ಸ್‌ಪಿಯರ್ ಇನ್ ಲವ್’ ಪಡೆದ ಏಳು ಆಸ್ಕರ್‌ಗಳಲ್ಲಿ ವಸ್ತ್ರವಿನ್ಯಾಸದ್ದೂ ಒಂದು, ಮರುವರ್ಷ ಅದೇ ಪ್ರಶಸ್ತಿ ‘ಟಾಪ್ಸಿ-ಟರ್ವಿ’ಗೆ ಬಂತು. ಮೊದಲನೆಯದರಲ್ಲಿ ಬಟ್ಟೆಗಳು ಕಣ್ಣು ಕುಕ್ಕುತ್ತವೆ. ಎರಡನೆಯದರಲ್ಲಿ ಅವು ಅಳತೆ ತೆಗೆಸಿಕೊಳ್ಳುತ್ತವೆ, ಬಿಗಿಯಾಗುತ್ತವೆ, ಜಗಳಕ್ಕೆ ಕಾರಣವಾಗುತ್ತವೆ.

ಮನೆಮಂದಿಯೆಲ್ಲ ಕೂತು ನೋಡುವುದಾದರೆ ಮ್ಯಾಡನ್ ಚಿತ್ರವನ್ನೇ ಆರಿಸಿಕೊಳ್ಳಿ, ಅದರಲ್ಲಿ ಕೆಲವು ಶೃಂಗಾರದ ದೃಶ್ಯಗಳಿವೆ ಎಂಬುದು ನೆನಪಿರಲಿ, ಮಕ್ಕಳನ್ನು ಮಲಗಿಸಿದ ಮೇಲೆ ಹಾಕಿದರೆ ಮುಜುಗರವಿರದು. ತಂಡ ಕಟ್ಟಿಕೊಂಡವರು ‘ಟಾಪ್ಸಿ-ಟರ್ವಿ’ಯನ್ನು ಎರಡು ಸಂಜೆಗಳಿಗೆ ಹಂಚಿಕೊಂಡು ನೋಡುವುದು ಒಳ್ಳೆಯದು, ಜಪಾನಿ ಪ್ರದರ್ಶನದ ಭಾಗ ಬರುವಲ್ಲಿಗೆ ಮೊದಲ ಸಂಜೆಯನ್ನು ನಿಲ್ಲಿಸಬಹುದು. ಎರಡನೆಯ ಸಂಜೆಗೆ ನಿರ್ದೇಶಕರನ್ನೂ ಹಿಮ್ಮೇಳದವರನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಕೋ ಬೇಡವೋ ಎಂಬುದನ್ನು ಆಯಾ ತಂಡದವರೇ ತೀರ್ಮಾನಿಸಲಿ.