ಹಳೇ ಆಯಿಲ್ ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ರಿಂಗ್ ಎಲ್ಲಿದೆ ಅಂತ ನೋಡಿ
ಮನೆಯಲ್ಲೇ ಕಾರಿನ ಇಂಜಿನ್ ಆಯಿಲ್ ಬದಲಾಯಿಸುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಹಳೇ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಮೊದಲ ಸಲ ಕೈ ಹಾಕುತ್ತಿರುವವರು. ಬಳೆಯಂಥ ಒಂದು ರಬ್ಬರ್ ರಿಂಗ್ ಗಮನಿಸದೇ ಹೋಗಿದ್ದಕ್ಕೆ ನನ್ನ ಕಾರಿನ ಇಂಜಿನ್ ಕೆಳಗಿಳಿಸಬೇಕಾಯಿತು.

ನನ್ನದು 14 ವರ್ಷ ಹಳೇ ಪೆಟ್ರೋಲ್ ಕಾರು. ಹಿಂದಿನವರು ಫಿಲ್ಟರ್ ಅನ್ನು ಎಷ್ಟು ಬಿಗಿ ಮಾಡಿದ್ದರೆಂದರೆ ಕೈಯಲ್ಲಿ ಅಲ್ಲಾಡಲೇ ಇಲ್ಲ. ರೆಂಚ್ ಹಾಕಿ ತಿರುಗಿಸಿದೆ, ಬಂತು. ಬಿಸಿ ಎಣ್ಣೆ ಮೊಣಕೈವರೆಗೆ ಇಳಿಯುತ್ತಿತ್ತು. ಫಿಲ್ಟರ್ ಅನ್ನು ಹಾಗೇ ಟ್ರೇಯಲ್ಲಿ ಬೋರಲು ಹಾಕಿಬಿಟ್ಟೆ. ಅದರ ಬಾಯಿಯ ರಿಂಗ್ ಅಲ್ಲಿರಲಿಲ್ಲ, ಇಂಜಿನ್‌ಗೇ ಅಂಟಿಕೊಂಡು ಉಳಿದಿತ್ತು. ನಾನು ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದೆ.

ಇದರ ಕೆಟ್ಟ ಗುಣ ಏನೆಂದರೆ ಕೂಡಲೇ ಗೊತ್ತಾಗದಿರಬಹುದು. ಎರಡು ನಿಮಿಷ ಇಂಜಿನ್ ಓಡಿಸಿ ಕೆಳಗೆ ಬಗ್ಗಿ ನೋಡಿದೆ, ಒಂದು ಹನಿಯೂ ಇರಲಿಲ್ಲ. ಆದರೆ ಒಂದರ ಮೇಲೊಂದು ಕೂತ ಎರಡು ರಿಂಗ್ ಸರಿಯಾಗಿ ಹಿಡಿತ ಕೊಡುವುದಿಲ್ಲ. ರಸ್ತೆಗಿಳಿದು ಆಕ್ಸಿಲರೇಟರ್ ಒತ್ತಿದಾಗ ಎಣ್ಣೆಯ ಒತ್ತಡ ಏರುತ್ತದೆ, ರಿಂಗ್ ಒಂದು ಪಕ್ಕಕ್ಕೆ ಜಾರಿಬಿಡುತ್ತದೆ. ಆಮೇಲೆ ಪಂಪ್ ತಾನೇ ಎಣ್ಣೆಯನ್ನೆಲ್ಲ ಹೊರಗೆ ತಳ್ಳುತ್ತದೆ.

ಸುಮಾರು 3 ಕಿಲೋಮೀಟರ್ ಹೋಗಿರಬೇಕು, ಡ್ಯಾಶ್‌ಬೋರ್ಡ್‌ನಲ್ಲಿ ಆಯಿಲ್ ಕ್ಯಾನಿನ ಕೆಂಪು ದೀಪ ಮಿಣುಕಿತು. ಆಗಷ್ಟೇ ಮೂರೂವರೆ ಲೀಟರ್ ಹೊಸ ಎಣ್ಣೆ ಹಾಕಿದ್ದೆನಲ್ಲ, ಸೆನ್ಸರ್ ಕೆಟ್ಟಿರಬೇಕು ಅಂದುಕೊಂಡು ಮುಂದಿನ ತಿರುವಿನ ತನಕ ಓಡಿಸಿದೆ. ನಾನು ಮಾಡಿದ ದೊಡ್ಡ ತಪ್ಪು ಇದೇ. ಆ ದೀಪ ಹೇಳುವುದು ಎಣ್ಣೆ ಎಷ್ಟಿದೆ ಅಂತ ಅಲ್ಲ, ಒತ್ತಡ ಇಲ್ಲ ಅಂತ. ಒಳಗೆ ತಿರುಗುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಮತ್ತು ಅದನ್ನು ಹೊತ್ತ ಬೇರಿಂಗ್ ನಡುವೆ ಇರುವುದು ಎಣ್ಣೆಯ ತೆಳು ಪದರ ಮಾತ್ರ. ಅದು ಹೋದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಟಕ ಟಕ ಸದ್ದು ಶುರುವಾದ ಮೇಲೆ ನಿಲ್ಲಿಸಿದೆ. ಅಷ್ಟರಲ್ಲಿ ಬೇರಿಂಗ್ ಸವೆದುಹೋಗಿತ್ತು.

ಇಳಿದು ಹಿಂದೆ ನೋಡಿದರೆ ರಸ್ತೆ ಉದ್ದಕ್ಕೂ ಜೇನಿನ ಬಣ್ಣದ ಪಟ್ಟೆ. ಹಿಂದೆ ಬರುತ್ತಿದ್ದ ಒಬ್ಬರ ಸ್ಕೂಟರ್ ಅದರ ಮೇಲೆ ಜಾರಿತು. ಅವರು ಎರಡೂ ಕಾಲು ಊರಿ ಹೇಗೋ ತಡೆದುಕೊಂಡರು. ಇಂಜಿನ್ ಹೋಗಿದ್ದಕ್ಕಿಂತ ಅದೇ ನನಗೆ ಇವತ್ತಿಗೂ ಜಾಸ್ತಿ ಕಾಡುತ್ತದೆ. ಪಕ್ಕದಲ್ಲಿದ್ದ ಮರಳು ತಂದು ಸುರಿದೆವು, ಅವರೂ ಕೈಜೋಡಿಸಿದರು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿ, ಇಂಜಿನ್ ಮೇಲೆ ಅದು ಕೂರುವ ಜಾಗವನ್ನು ಉಗುರಿನಿಂದ ಕೆರೆದರು. ಕಪ್ಪಗೆ, ಚಪ್ಪಟೆಯಾಗಿ, ಪ್ಲಾಸ್ಟಿಕ್‌ನಂತೆ ಗಟ್ಟಿಯಾದ ರಿಂಗ್ ಎದ್ದು ಬಂತು. "ನೋಡಿ, ಹಳೇದು ಇಲ್ಲೇ ಕೂತಿದೆ" ಅಂದರು.

ಈಗ ಫಿಲ್ಟರ್ ಕೈಗೆ ಬಂದ ಕೂಡಲೇ ತಿರುಗಿಸಿ ಅದರ ಬಾಯಿ ನೋಡುತ್ತೇನೆ. ರಿಂಗ್ ಅದರಲ್ಲೇ ಇದ್ದರೂ ಇಂಜಿನ್ ಕಡೆಯ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡುತ್ತೇನೆ. ಬರೀ ಲೋಹ ತಾಗಬೇಕು. ಹೊಸ ರಿಂಗ್‌ಗೆ ಹೊಸ ಎಣ್ಣೆ ಸವರಿ ಕೈಯಲ್ಲೇ ತಿರುಗಿಸಬೇಕು. ರಿಂಗ್ ತಾಗಿದ ಮೇಲೆ ಎಷ್ಟು ಸುತ್ತು ಅಂತ ಫಿಲ್ಟರ್ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ ಮುಕ್ಕಾಲು ಸುತ್ತು. ರೆಂಚ್ ಬಿಚ್ಚೋಕೆ ಮಾತ್ರ. ಬಿಗಿ ಮಾಡೋಕೆ ಬಳಸಿದರೆ ಮುಂದಿನ ಸಲ ರಿಂಗ್ ಹೀಗೇ ಅಂಟಿಕೊಳ್ಳಬಹುದು. ಮೊದಲ ಓಟ ಒಂದೆರಡು ಸುತ್ತು ಮನೆ ಹತ್ತಿರವೇ ಮುಗಿಸಿ, ಮತ್ತೆ ಕೆಳಗೆ ನೋಡಿ. ಮತ್ತೆ, ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಸ್ಟ್ಯಾಂಡ್ ಕೊಟ್ಟೇ ಹೋಗಿ.

ಇದನ್ನು ಓದುವಾಗ "ಹೋದ ವಾರ ನಾನೂ ಹಳೇ ರಿಂಗ್ ನೋಡಲಿಲ್ಲವಲ್ಲ" ಅಂತ ಯಾರಿಗಾದರೂ ಅನ್ನಿಸಿದರೆ, ನಾಳೆ ಕಾರು ಸ್ಟಾರ್ಟ್ ಮಾಡಬೇಡಿ. ಇಂಜಿನ್ ತಣ್ಣಗಿರುವಾಗ ಕೆಳಗೆ ಟ್ರೇ ಇಟ್ಟು ಫಿಲ್ಟರ್ ಬಿಚ್ಚಿ ನೋಡಿ. ಸ್ವಲ್ಪ ಎಣ್ಣೆ ಚೆಲ್ಲುತ್ತದೆ. ಅಷ್ಟನ್ನು ಮತ್ತೆ ತುಂಬಿದರಾಯಿತು.