ಪಿಕಪ್ ಬೆಡ್ ಕವರ್: ಕರಾವಳಿಯ ಮೂರು ಮಳೆಗಾಲ ಕಂಡ ಮೇಲೆ

ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಆಟಿ ತಿಂಗಳ ಜಡಿಮಳೆಗೆ ಪಿಕಪ್ ಗಾಡಿಯ ಹಿಂದಿನ ಸಾಮಾನು ತೊಟ್ಟಿ (ಬೆಡ್) ಮುಚ್ಚುವ ಯಾವ ಕವರೂ ಪೂರ್ತಿ ವಾಟರ್‌ಪ್ರೂಫ್ ಅಲ್ಲ. ಸೋರಿಕೆಗೆ ಬೈಸಿಕೊಳ್ಳುವುದು ಕವರ್, ಆದರೆ ತಪ್ಪು ಹೆಚ್ಚಾಗಿ ನೀರಿಳಿಸುವ ಡ್ರೈನ್ ಪೈಪು, ಕವರನ್ನು ಬೆಡ್ಡಿಗೆ ಕಚ್ಚಿಸುವ ಕ್ಲಾಂಪು, ಹಿಂಬಾಗಿಲಾದ ಟೈಲ್‌ಗೇಟಿನ ಸಂದುಗಳದ್ದು.

ವಿ-ಕ್ರಾಸ್, ಹೈಲಕ್ಸ್‌ನಂಥ ಡಬಲ್ ಕ್ಯಾಬ್ ಗಾಡಿಗಳಿಗೆ ಮುಖ್ಯವಾಗಿ ಮೂರು ಬಗೆಯ ಕವರ್‌ಗಳಿವೆ. ವಿನೈಲ್ ಸಾಫ್ಟ್ ಕವರ್ ಹಗುರ, ಅಗ್ಗ, ಎರಡು ನಿಮಿಷದಲ್ಲಿ ಸುತ್ತಿಡಬಹುದು. ಆದರೆ ಬಿಸಿಲಿಗೆ ಸಡಿಲವಾಗಿ ನಡುವೆ ಜೋಲು ಬೀಳುತ್ತದೆ. ಒಂದೂವರೆ ಮೀಟರ್ ಉದ್ದಗಲದ ಕವರ್ ಮೇಲೆ ಸರಾಸರಿ ಒಂದು ಸೆಂಟಿಮೀಟರ್ ನೀರು ನಿಂತರೂ 22 ಕಿಲೋ ಭಾರ. ಆ ಭಾರಕ್ಕೆ ಜೋಲು ಇನ್ನಷ್ಟು ಇಳಿಯುತ್ತದೆ, ಬದಿಯ ವೆಲ್ಕ್ರೋ ಬಿಟ್ಟುಕೊಳ್ಳುತ್ತದೆ. ಮಲ್ಪೆ, ಪಣಂಬೂರು ಕಡೆಯ ಹೊಯಿಗೆ ವೆಲ್ಕ್ರೋದಲ್ಲಿ ಕೂತರಂತೂ ಅದು ಮತ್ತೆ ಸರಿಯಾಗಿ ಅಂಟುವುದಿಲ್ಲ. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಂಗಳಿಗೊಮ್ಮೆ ಉಜ್ಜಬೇಕು. ಕಳ್ಳನಿಗೆ ಬ್ಲೇಡ್ ಸಾಕು ಎನ್ನುವುದು ಬೇರೆ ಮಾತು.

ರೋಲರ್ ಲಿಡ್ ನೋಡಲು ಚಂದ, ಅಂಗಡಿ ಶಟರ್‌ನಂತೆ ಜಾರುತ್ತದೆ, ಬೀಗವೂ ಗಟ್ಟಿ. ಆದರೆ ಶಟರ್ ಸುತ್ತಿಕೊಳ್ಳುವ ಡಬ್ಬ ಕ್ಯಾಬಿನ್ ಬದಿಯಲ್ಲಿ ಹೆಚ್ಚುಕಡಿಮೆ ಒಂದು ಅಡಿ ಜಾಗ ತಿನ್ನುತ್ತದೆ. ಶಟರ್ ಮೇಲಿನ ನೀರು ಆ ಡಬ್ಬಕ್ಕೂ ಬದಿಯ ರೈಲಿಗೂ ಇಳಿದು, ಮುಂದಿನ ಎರಡು ಮೂಲೆಗಳ ರಬ್ಬರ್ ಪೈಪಿನಿಂದ ನೆಲಕ್ಕೆ ಹೋಗಬೇಕು. ಗಾಡಿ ಗಾಳಿಮರದ ಕೆಳಗೆ ನಿಲ್ಲುತ್ತದೋ, ಪೈಪು ಕಟ್ಟಿತೆಂದೇ ತಿಳಿಯಿರಿ. ಸೂಜಿಯಂಥ ಎಲೆಯೂ ಕೆಂಪು ಮಣ್ಣೂ ಸೇರಿ ಒಳಗೆ ಬಿರಡೆ ಹಾಕಿದಂತೆ ಕೂರುತ್ತವೆ. ಆಮೇಲೆ ನೀರು ಡಬ್ಬ ತುಂಬಿ ನೇರ ಸಾಮಾನಿನ ಮೇಲೆ. ಮೇ ಕೊನೆಯಲ್ಲಿ ಪೈಪು ಬಿಚ್ಚಿ, ಸೈಕಲ್ ಬ್ರೇಕಿನ ಹಳೆ ವೈರ್ ತೂರಿಸಿ, ಎರಡು ಚೊಂಬು ನೀರು ಬಿಡಿ. ಹಾಕಿದ ವೇಗದಲ್ಲೇ ಇಳಿದರೆ ಸರಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಇದೇ ಕೆಲಸ.

ಮೂರು ಮಡಿಕೆಯ ಅಲ್ಯೂಮಿನಿಯಂ ಹಾರ್ಡ್ ಕವರ್‌ಗೇ ನಮ್ಮ ಓಟು. ಜಾಗ ತಿನ್ನುವುದಿಲ್ಲ, ಜೋಲು ಬೀಳುವುದಿಲ್ಲ. ಮಡಿಕೆಯ ಕೀಲಿನ ರಬ್ಬರ್ ಮಾತ್ರ ಒಣಗಿ ಬಿರುಕು ಬಿಡುತ್ತದೆ. ಅದಕ್ಕೆ ಸಿಲಿಕೋನ್ ಸ್ಪ್ರೇ ಹಾಕಿ. ಇಂಜಿನ್ ಆಯಿಲ್, ಗ್ರೀಸ್, ಸೀಮೆಎಣ್ಣೆ ಬೇಡವೇ ಬೇಡ, ಈ ಕೀಲಿಗೆ ಹಾಕುವ ಇಪಿಡಿಎಂ ಎಂಬ ಬಗೆಯ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ.

ಯಾವ ಬಗೆಯೇ ಆಗಲಿ, ಕ್ಲಾಂಪ್ ಕಚ್ಚುವ ಜಾಗ ನೋಡಿಕೊಳ್ಳಿ. ಗಾಡಿಯ ಅದುರಿಗೆ ಅಲ್ಲಿ ಪೇಂಟ್ ಸವೆಯುತ್ತದೆ, ಉಪ್ಪುಗಾಳಿ ಉಳಿದದ್ದನ್ನು ಮುಗಿಸುತ್ತದೆ. ಅಲ್ಯೂಮಿನಿಯಂ ರೈಲಿಗೆ ಸ್ಟೀಲ್ ಬೋಲ್ಟ್ ನೇರ ತಾಗಿದರೆ ಬಿಳಿ ಪುಡಿ ಏಳುತ್ತದೆ, ಕೊನೆಗೆ ಬೋಲ್ಟ್ ಬಿಚ್ಚಲೂ ಬಾರದು. ನಡುವೆ ನೈಲಾನ್ ವಾಷರ್, ಕ್ಲಾಂಪಿನಡಿ ರಬ್ಬರ್ ತುಂಡು ಇಡಿಸಿ. ಚಾರ್ಮಾಡಿಯ ತಿರುವುಗಳನ್ನು ನಾಲ್ಕಾರು ಸಲ ಹತ್ತಿಳಿದ ಮೇಲೆ ಎಲ್ಲಾ ಕ್ಲಾಂಪ್ ಒಮ್ಮೆ ಬಿಗಿ ನೋಡುವುದು ಒಳ್ಳೆಯದು.

ಸೋರಿಕೆ ಎಲ್ಲಿಂದ ಎಂದು ಹುಡುಕಲು ಬೆಡ್ ತುಂಬಾ ಹಳೆ ಪೇಪರ್ ಹಾಸಿ, ಕವರ್ ಮುಚ್ಚಿ, ಹತ್ತು ನಿಮಿಷ ಹೋಸ್‌ನಿಂದ ನೀರು ಬಿಡಿ. ಒದ್ದೆ ಕಲೆ ಟೈಲ್‌ಗೇಟಿನ ಬುಡದಲ್ಲಿದ್ದರೆ ಕವರ್ ನಿರಪರಾಧಿ. ಟೈಲ್‌ಗೇಟಿಗೆ ಪ್ರತ್ಯೇಕ ರಬ್ಬರ್ ಬೀಡಿಂಗ್ ಅಂಟಿಸಿ, ಅದೂ ಒಣ ಹವೆಯಲ್ಲಿ, ಸ್ಪಿರಿಟ್‌ನಲ್ಲಿ ಒರೆಸಿ. ಜುಲೈಯಲ್ಲಿ ಅಂಟಿಸಿದ್ದು ಆಗಸ್ಟ್‌ಗೆ ಕೈಗೆ ಬರುತ್ತದೆ. ಬೇಸಿಗೆಯಲ್ಲಿ ಧೂಳೂ ಇದೇ ಸಂದಿನಿಂದಲೇ ಒಳಬರುತ್ತದೆ.

ಮುಚ್ಚಿದ ಬೆಡ್ಡಿಗೆ ಗಾಳಿಯಾಡುವುದಿಲ್ಲ. ತುಸು ತೇವವಿರುವ ಅಡಿಕೆ ಚೀಲ ಒಂದು ರಾತ್ರಿ ಉಳಿದರೂ ಬೂಷ್ಟಿನ ಭಯ. ಬಂಗುಡೆ, ಬೂತಾಯಿಯ ಐಸ್ ಕ್ರೇಟ್ ಒಯ್ಯುವವರು ಕವರ್ ಆಸೆಯನ್ನೇ ಬಿಡಿ. ವಾಸನೆ ರಬ್ಬರಿಗೆ ಹಿಡಿಯುತ್ತದೆ, ಕ್ರೇಟಿನ ಉಪ್ಪುನೀರು ಬೆಡ್ಡಿಗೆ ಹಿಡಿಯುತ್ತದೆ. ಎರಡಡಿ ಎತ್ತರದ ಗ್ಯಾಸ್ ಸಿಲಿಂಡರ್ ಕವರಿನಡಿ ನೇರ ನಿಲ್ಲುವುದಿಲ್ಲ, ಮಲಗಿಸಿ ಮುಚ್ಚಿ ಒಯ್ಯುವ ವಸ್ತುವೂ ಅದಲ್ಲ. ಇಂಥ ಬಾಡಿಗೆ ಕೆಲಸದ ಬೊಲೆರೊಗೆ ಟರ್ಪಾಲು, ಹಗ್ಗಗಳೇ ಸೈ. ಎತ್ತರದ ಕ್ಯಾನೊಪಿ (ಬೆಡ್ ಮೇಲೆ ಕೂರುವ ಗೂಡು) ಹಾಕಿಸುವ ಯೋಚನೆಯಿದ್ದರೆ ಮೋಟಾರು ವಾಹನ ಕಾಯ್ದೆಯ ಗಾಡಿ ಮಾರ್ಪಾಡಿನ ಕುರಿತ 52ನೇ ಸೆಕ್ಷನ್ ಇದೆ, ಮೊದಲು ಆರ್‌ಟಿಒದಲ್ಲಿ ಕೇಳಿ. ಕವರ್ ಹಾಕಿದರೆ ಮೈಲೇಜ್ ಹೆಚ್ಚುತ್ತದೆಂದು ಅಂಗಡಿಯವರು ಹೇಳಿದರೆ ನಕ್ಕು, ಕ್ಲಾಂಪಿಗೆ ರಬ್ಬರ್ ತುಂಡು ಕೊಡ್ತೀರಾ ಎಂದು ಕೇಳಿ.