ಆತಂಕ ಗುಣ ಮಾಡ್ತೀವಿ ಅಂತ ಹದಿನೈದು ಸಾವಿರ ಕಿತ್ತುಕೊಂಡರು, ಹುಷಾರು

ಬರೆಯಲೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ಮಂಡ್ಯದಲ್ಲಿ ನನ್ನದು ಜೆರಾಕ್ಸ್ ಅಂಗಡಿ. ದಿನಾ ನೂರಾರು ಜನರ ಕಾಗದ ನೋಡುವವನು ನಾನು. ಅಂಥವನೇ ಒಂದು ಕಾಗದಕ್ಕೆ ಮೋಸ ಹೋದೆ. ಅದಕ್ಕೇ ಜಾಸ್ತಿ ಉರಿ.

ಹೋದ ವರ್ಷ ಮೈಸೂರಿಗೆ ಹೋಗುವಾಗ, ಶ್ರೀರಂಗಪಟ್ಟಣ ದಾಟುತ್ತಿದ್ದ ಹಾಗೆ ಬಸ್ಸಲ್ಲೇ ಎದೆ ಡವಡವ, ಕೈ ಜೋಮು. ಸತ್ತೇ ಹೋದೆ ಅಂದುಕೊಂಡೆ. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ನಾರ್ಮಲ್. ಮೂರು ತಿಂಗಳು ಸುಮ್ನೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದೆ. ಆಮೇಲೆ ಒಬ್ಬ ಮನೋವೈದ್ಯರು ಪ್ಯಾನಿಕ್ ಅಟ್ಯಾಕ್ ಅಂದರು, ಎಸಿಟಾಲೋಪ್ರಾಮ್ ಅನ್ನೋ ಆತಂಕದ ಮಾತ್ರೆ ಬರೆದರು. "ಕೆಲಸ ಮಾಡೋಕೆ ಮೂರ್ನಾಲ್ಕು ವಾರ ಬೇಕು. ನೀವಾಗೇ ನಿಲ್ಲಿಸಬೇಡಿ" ಅಂದರು. ಕಡಿಮೆಯೂ ಆಯ್ತು, ಸುಳ್ಳು ಹೇಳಲ್ಲ. ಆದರೆ ಎರಡು ಗಂಟೆ ಕ್ಯೂ, ಒಳಗೆ ಮೂರು ನಿಮಿಷ. ನನಗೆ ಯಾರ ಹತ್ತಿರವಾದರೂ ಮಾತಾಡಬೇಕಿತ್ತು. ಕೌನ್ಸೆಲಿಂಗ್ ಬಗ್ಗೆ ಕೇಳಿದರೆ "ಮುಂದಿನ ಸಲ ನೋಡೋಣ". ಪ್ರತಿ ಸಲವೂ ಮುಂದಿನ ಸಲ.

ಹಾಗಿರುವಾಗ ಮೈಸೂರಲ್ಲಿ ಒಂದು ಬೋರ್ಡ್ ಕಂಡಿತು. ಮಾತ್ರೆ ಇಲ್ಲದೆ ಆತಂಕದಿಂದ ಮುಕ್ತಿ. ಹೆಸರಿನ ಹಿಂದೆ ಡಾ. ಬೇರೆ. ಹತ್ತು ಸಿಟ್ಟಿಂಗ್, 15,000 ರೂಪಾಯಿ, ಪೂರ್ತಿ ಮುಂಗಡ. ಡಾಕ್ಟರಿಗೆ ಹೋದ ಹೋದ ಸಲ ಫೀಸು ಕೊಡ್ತೀವಿ, ಅಲ್ವಾ? ಆಗಲೇ ತಲೆ ಓಡಬೇಕಿತ್ತು. ಓಡಲಿಲ್ಲ. ತಲೆಗೆ ಪಟ್ಟಿ ಕಟ್ಟಿದರು, ಲ್ಯಾಪ್‌ಟಾಪಿನಲ್ಲಿ ಕೆಂಪು ಹಸಿರು ಗೆರೆ ಓಡಿಸಿದರು, ರಿಪೋರ್ಟ್ ಕೊಟ್ಟರು. "ಮಾತ್ರೆ ಇವತ್ತೇ ಬಿಡಿ, ಅದು ಮೆದುಳು ಮಂಕು ಮಾಡುತ್ತೆ" ಅಂದರು. ಬಿಟ್ಟೆ.

ನಾಲ್ಕನೇ ದಿನ ತಲೆ ತಿರುಗೋಕೆ ಶುರು. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ನಿದ್ದೆ ಇಲ್ಲ. ವಾಟ್ಸಾಪಿನಲ್ಲಿ ಕೇಳಿದರೆ ಉತ್ತರ: "ಒಳಗಿನ ವಿಷ ಹೊರಗೆ ಹೋಗ್ತಿದೆ ಸರ್, ಒಳ್ಳೇ ಲಕ್ಷಣ."

ಫೈಲ್ ತೆರೆದವಳು ನನ್ನ ಹೆಂಡತಿ. "ರೀ, ನಿಮಗೆ ಐವತ್ತೆರಡು ಯಾವಾಗ ಆಯ್ತು?" ನನಗೆ 36. ರಿಪೋರ್ಟಿನಲ್ಲಿ ಹೆಸರು ನನ್ನದು, ವಯಸ್ಸು 52. ಬೆಳಕಿಗೆ ಹಿಡಿದು ನೋಡಿದೆ. ಹೆಸರಿನ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ. ಚೀಟಿ ಅಂಟಿಸಿ ಜೆರಾಕ್ಸ್ ತೆಗೆದರೆ ಅಂಚಿನ ನೆರಳು ಬೀಳುತ್ತಲ್ಲ, ಅದೇ ಗೆರೆ. ಹದಿನಾಲ್ಕು ವರ್ಷದಿಂದ ಆ ಗೆರೆ ನೋಡ್ತಿದ್ದೇನೆ ಮಾರಾಯ್ರೇ! ಯಾರದೋ ರಿಪೋರ್ಟಿಗೆ ನನ್ನ ಹೆಸರು ಅಂಟಿಸಿದ್ದರು.

ಮಾರನೇ ದಿನವೇ ಹೋದೆ. "ಟೈಪಿಂಗ್ ಮಿಸ್ಟೇಕ್ ಸರ್." ಈ ಗೆರೆ? "ಮಷೀನ್ ಪ್ರಾಬ್ಲಮ್." ದುಡ್ಡು ವಾಪಸ್ ಕೊಡಿ ಅಂದೆ. ಆತ ನಗುತ್ತಲೇ ಹೇಳಿದ: "ನೋಡಿ ಸರ್, ಈ ಅನುಮಾನ, ಈ ಸಿಟ್ಟು, ಇದೇ ನಿಮ್ಮ ಕಾಯಿಲೆ."

ನಾನು ಸುಮ್ಮನಾಗಿಬಿಟ್ಟೆ. ಐದು ನಿಮಿಷ ಕೂತು, ಹೌದೇನೋ, ನನ್ನದೇ ತಪ್ಪೇನೋ ಅಂದುಕೊಂಡೆ. ಕಾಗದ ಕೈಯಲ್ಲೇ ಇತ್ತು, ಆದರೂ ಅಂದುಕೊಂಡೆ. ದುಡ್ಡಿಗಿಂತ ಆ ಐದು ನಿಮಿಷ ಈಗಲೂ ಚುಚ್ಚುತ್ತೆ.

ಆಮೇಲೆ ಡಾ. ಎಲ್ಲಿಂದ ಬಂತು ಅಂತ ಕೇಳಿದೆ. ಗೌರವ ಡಾಕ್ಟರೇಟಂತೆ. ನೋಂದಣಿ ನಂಬರ್? "ನಂಬಿಕೆ ಇಲ್ಲದಿದ್ರೆ ಗುಣ ಆಗಲ್ಲ ಸರ್." ರಸೀದಿ ತೆಗೆದು ನೋಡಿದರೆ, ಧ್ಯಾನ ತರಬೇತಿ ಶುಲ್ಕ ಅಂತಿದೆ! ಚಿಕಿತ್ಸೆ ಅನ್ನೋ ಪದವೇ ಇಲ್ಲ.

ಹಳೇ ಡಾಕ್ಟರ ಹತ್ತಿರ ಹೋಗಿ ಬೈಸಿಕೊಂಡೆ. ಅದು ವಿಷವೂ ಅಲ್ಲ ಮಣ್ಣೂ ಅಲ್ಲ, ಮಾತ್ರೆ ದಿಢೀರ್ ನಿಲ್ಲಿಸಿದ್ದಕ್ಕೆ ಆಗಿದ್ದು ಅಂದರು. ಬಿಡುವಾಗ ನಿಧಾನಕ್ಕೆ ಡೋಸ್ ಇಳಿಸಬೇಕಂತೆ. ಈ ಸಲ ಒಂಬತ್ತು ನಿಮಿಷ ಕೊಟ್ಟರು, ಎಣಿಸಿದ್ದೇನೆ.

ಡಾಕ್ಟರಲ್ಲದವರ ಮಾತು ಕೇಳಿ ಮಾತ್ರೆ ಬಿಡಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದವರ ಹತ್ತಿರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ರಾತ್ರಿ ಎದೆ ಹೊಡೆದುಕೊಂಡು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನನಗೆ ಇದು ಮೊದಲೇ ಗೊತ್ತಿದ್ದರೆ 15,000 ಉಳಿಯುತ್ತಿತ್ತು.

ಗ್ರಾಹಕರ ಆಯೋಗಕ್ಕೆ ದೂರು ಬರೀತಿದ್ದೇನೆ. ನಾವು ಕೊಟ್ಟ ದುಡ್ಡು ಐದು ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ರಿಪೋರ್ಟನ್ನು ಹತ್ತು ಪ್ರತಿ ಜೆರಾಕ್ಸ್ ಮಾಡಿಟ್ಟಿದ್ದೇನೆ. ಹತ್ತರಲ್ಲೂ ಆ ಗೆರೆ ಚೆನ್ನಾಗಿ ಬಂದಿದೆ.